ಕಡಿಮೆಯಾದ ಕೊರತೆ ಯಾರ ತಲೆ ಮೇಲೆ ಕೂತಿತು?

ಪ್ರಶ್ನೆ: ನಾನು ದಾವಣಗೆರೆ ಜಿಲ್ಲೆಯ ನಿವೃತ್ತ ಹೈಸ್ಕೂಲ್ ಮೇಷ್ಟ್ರು. 2025-26ರ ಬಜೆಟ್ ಪ್ರಕಾರ ನಮ್ಮ ರಾಜ್ಯದ ಸಾಲ 7.64 ಲಕ್ಷ ಕೋಟಿ ರೂಪಾಯಿ. ಭಾಗಿಸಿ ನೋಡಿದೆ, ತಲೆಗೆ ಒಂದು ಲಕ್ಷ ದಾಟಿತು. ನನ್ನ ಮೊಮ್ಮಗಳಿಗೆ ಇನ್ನೂ ಎರಡು ವರ್ಷ. ಅವಳ ಮೇಲೂ ಇಷ್ಟು ಸಾಲ ಇದೆಯೇ? ಗ್ಯಾರಂಟಿ ನಿಲ್ಲಿಸಿದರೆ ಎಲ್ಲ ಸರಿಹೋಗುತ್ತದೆ ಅನ್ನುತ್ತಾನೆ ಮಗ. ನಿಲ್ಲಿಸಿದರೆ ಊರಿನ ಹೆಂಗಸರ ಗತಿ ಏನು ಅನ್ನುತ್ತಾಳೆ ನನ್ನ ಹೆಂಡತಿ. ದಿನಾ ಇದೇ ವಾದ. ಸರ್ಕಾರ ನೋಟು ಪ್ರಿಂಟ್ ಮಾಡಿ ಸಾಲ ತೀರಿಸಬಾರದೇ? ನನ್ನ ಪೆನ್ಷನ್‌ಗೆ ತೊಂದರೆ ಆಗುತ್ತದೆಯೇ? ಇನ್ನೊಂದು ವಿಷಯ: ನನ್ನ ಸೊಸೆ ಅತಿಥಿ ಶಿಕ್ಷಕಿ. ಮೂರು ತಿಂಗಳಿಂದ ಗೌರವಧನ ಬಂದಿಲ್ಲ. ಅದಕ್ಕೂ ಈ ಸಾಲಕ್ಕೂ ಏನಾದರೂ ಸಂಬಂಧ ಇದೆಯೇ?

ಉತ್ತರ:

ಮೇಷ್ಟ್ರೇ, ನಮಸ್ಕಾರ. ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಲಕ್ಷ ಕೋಟಿಗಳಿಂದ ಶುರು ಮಾಡಿ ಸೊಸೆಯ ಗೌರವಧನಕ್ಕೆ ಬಂದು ನಿಲ್ಲಿಸಿದ್ದೀರಿ. ಆ ಕೊನೆಯ ಮಾತೇ ಇಡೀ ವಿಷಯದ ತಿರುಳು ಅಂತ ನನಗೆ ಅನ್ನಿಸಿತು. ಯಾಕೆ ಅಂತ ಹೇಳಬೇಕಾದರೆ ಸ್ವಲ್ಪ ಸುತ್ತಿ ಬರಬೇಕು. ತಾಳ್ಮೆಯಿಂದ ಓದಿ.

ಮೊದಲು ಮೊಮ್ಮಗಳ ವಿಷಯ. ಆ ಒಂದು ಲಕ್ಷವನ್ನು ಕೇಳಿಕೊಂಡು ಅವಳ ಬಾಗಿಲಿಗೆ ಯಾರೂ ಬರುವುದಿಲ್ಲ. ನೀವು ನಾನು ಸಾಲ ಮಾಡಿದರೆ ದುಡಿಯುವ ವಯಸ್ಸು ಮುಗಿಯುವುದರೊಳಗೆ ತೀರಿಸಲೇಬೇಕು. ಸರ್ಕಾರಕ್ಕೆ ನಿವೃತ್ತಿ ಇಲ್ಲ. ಹಳೆ ಸಾಲದ ಗಡುವು ಬಂದಾಗ ಹೊಸ ಸಾಲ ತಂದು ಅದನ್ನು ತೀರಿಸುತ್ತದೆ. 2025-26ರಲ್ಲಿ ಕರ್ನಾಟಕ ಹಳೆ ಸಾಲದ ಅಸಲಿಗೆ ಇಟ್ಟದ್ದು ₹26,474 ಕೋಟಿ, ಹೊಸದಾಗಿ ತರಲು ಲೆಕ್ಕ ಹಾಕಿದ್ದು ₹1.16 ಲಕ್ಷ ಕೋಟಿ. ಇದನ್ನು ನೋಡಿದ ಕೂಡಲೇ ಎದೆ ಧಸಕ್ಕೆನ್ನುತ್ತದೆ, ಅಲ್ವಾ? ಆದರೆ ಸಾಲವನ್ನು ತಲೆಗೆ ಭಾಗಿಸಿದ ಹಾಗೇ ದುಡಿಮೆಯನ್ನೂ ತಲೆಗೆ ಭಾಗಿಸಿ ನೋಡಿ. ರಾಜ್ಯದ ಒಟ್ಟು ಉತ್ಪನ್ನ ಸುಮಾರು ₹30.7 ಲಕ್ಷ ಕೋಟಿ. ತಲೆಗೆ ನಾಲ್ಕೂವರೆ ಲಕ್ಷದ ಆಸುಪಾಸು. ಅಂದರೆ ಸಾಲ ಒಂದು ವರ್ಷದ ದುಡಿಮೆಯ ಕಾಲು ಭಾಗ. ಬಜೆಟ್ ಪುಸ್ತಕದ ಲೆಕ್ಕ ಶೇ 24.91. ಕೇಂದ್ರದ್ದು ಇದೇ ವರ್ಷದ ಅಂದಾಜಿನಲ್ಲಿ ದೇಶದ ಉತ್ಪನ್ನದ ಶೇ 56.1.

ಈ ಸಾಲ ಕೊಡುವವರು ಯಾರು? ಹೆಚ್ಚಿನ ಮಂಗಳವಾರಗಳಂದು ರಿಸರ್ವ್ ಬ್ಯಾಂಕ್ ರಾಜ್ಯಗಳ ಸಾಲಪತ್ರಗಳ ಹರಾಜು ನಡೆಸುತ್ತದೆ. ಬ್ಯಾಂಕುಗಳು, ಎಲ್‌ಐಸಿ, ಪಿಎಫ್ ನಿಧಿಗಳು ಕೊಳ್ಳುತ್ತವೆ. ನಿಮ್ಮ ಮಗನ ಪಿಎಫ್, ನಿಮ್ಮ ಎಲ್‌ಐಸಿ ಪಾಲಿಸಿ, ಬ್ಯಾಂಕಿನಲ್ಲಿಟ್ಟ ಎಫ್‌ಡಿ, ಎಲ್ಲದರ ಒಂದಿಷ್ಟು ದುಡ್ಡು ಅಲ್ಲಿದೆ. ಸರ್ಕಾರದ ಸಾಲದ ಇನ್ನೊಂದು ಮಗ್ಗುಲಲ್ಲಿ ನಿಮ್ಮ ಮನೆಯ ಉಳಿತಾಯ ಇದೆ. ನಿಮ್ಮ ಮೊಮ್ಮಗಳು ಸಾಲವನ್ನಷ್ಟೇ ಅಲ್ಲ, ಸಾಲ ಕೊಟ್ಟವರ ಪತ್ರವನ್ನೂ ಪಡೆದು ಬರುತ್ತಾಳೆ.

ಹಾಗಂತ ಚಿಂತೆ ಬೇಡವೇ? ಬೇಕು. ಆದರೆ ಅಸಲಿಗಿಂತ ಬಡ್ಡಿಯ ಬಗ್ಗೆ ಚಿಂತಿಸಿ. ಕೇಂದ್ರದ 2025-26ರ ಬಜೆಟ್ ತೆಗೆದುಕೊಳ್ಳಿ. ರಾಜಸ್ವ ಆದಾಯ, ಅಂದರೆ ಸಾಲ ಬಿಟ್ಟು ತೆರಿಗೆ ಮುಂತಾದವುಗಳಿಂದ ಬರುವ ದುಡ್ಡು, ₹34.20 ಲಕ್ಷ ಕೋಟಿ. ಬಡ್ಡಿಗೆ ಹೋಗುವುದು ₹12.76 ಲಕ್ಷ ಕೋಟಿ. ಕೈಗೆ ಬಂದ ಪ್ರತಿ ರೂಪಾಯಿಯಲ್ಲಿ 37 ಪೈಸೆ. ಆ 37 ಪೈಸೆಯಲ್ಲಿ ಒಂದು ಆಸ್ಪತ್ರೆಯ ಹಾಸಿಗೆಯೂ ಬರುವುದಿಲ್ಲ, ಒಂದು ಶಾಲೆಯ ಕೋಣೆಯೂ ಏಳುವುದಿಲ್ಲ. ಮಂತ್ರಿ ಯಾರೇ ಆಗಲಿ, ಪಕ್ಷ ಯಾವುದೇ ಆಗಲಿ, ಮೊದಲು ಅದನ್ನು ಎತ್ತಿಟ್ಟು ಆಮೇಲೆ ಉಳಿದ ಮಾತು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತೇವೆ. ಸರಿಯಾದ ಮಾತೇ. ಆದರೆ ರಾಜ್ಯದ ಹಾಸಿಗೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತದೆ. ಎಷ್ಟು ಬೆಳೆಯುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕರ್ನಾಟಕ 2002ರಲ್ಲೇ ವಿತ್ತೀಯ ಹೊಣೆಗಾರಿಕೆ ಕಾಯ್ದೆ ತಂದಿತು. ರಾಜ್ಯಗಳಲ್ಲಿ ನಮ್ಮದೇ ಮೊದಲು, ಕೇಂದ್ರದ ಕಾಯ್ದೆ ಬಂದದ್ದು 2003ರಲ್ಲಿ. ಅದರ ಪ್ರಕಾರ ಮೂರು ಗೆರೆ ದಾಟಬಾರದು. ವರ್ಷದ ವಿತ್ತೀಯ ಕೊರತೆ, ಅಂದರೆ ಖರ್ಚಿಗೆ ಆದಾಯ ಸಾಲದೆ ಸಾಲದಿಂದ ತುಂಬಿಸುವ ಮೊತ್ತ, ಉತ್ಪನ್ನದ ಶೇ 3ರೊಳಗೆ ಇರಬೇಕು. ಒಟ್ಟು ಸಾಲ ಶೇ 25ರೊಳಗೆ ಇರಬೇಕು. ದಿನನಿತ್ಯದ ಖರ್ಚಿಗೆ ಸಾಲ ಮಾಡಬಾರದು.

ನೀವು ಮೇಷ್ಟ್ರು, ಬೋರ್ಡಿನ ಮೇಲೆ ಬರೆದು ನೋಡಿ. ಬೆಲೆ ಏರಿಕೆಯೂ ಸೇರಿ ರಾಜ್ಯದ ಉತ್ಪನ್ನ ವರ್ಷಕ್ಕೆ ಶೇ 12 ಬೆಳೆಯುತ್ತಿದೆ ಅಂದುಕೊಳ್ಳಿ. ಪ್ರತಿ ವರ್ಷ ತಪ್ಪದೆ ಶೇ 3 ಕೊರತೆ ಮಾಡುತ್ತಾ ಹೋದರೆ ಸಾಲ ಕೊನೆಗೆ ಉತ್ಪನ್ನದ ಶೇ 28ಕ್ಕೆ ಬಂದು ನಿಲ್ಲುತ್ತದೆ. ಬೆಳವಣಿಗೆ ಶೇ 10ಕ್ಕೆ ಇಳಿದರೆ ಅದೇ ಕೊರತೆಯಲ್ಲಿ ಸಾಲ ಶೇ 33ರವರೆಗೆ ಏರುತ್ತದೆ. ಶೇ 8 ಆದರೆ ಶೇ 40 ದಾಟುತ್ತದೆ. ಶೇ 25ರ ಗೆರೆಯೊಳಗೆ ನಿಲ್ಲಬೇಕಾದರೆ ಬೆಳವಣಿಗೆ ಶೇ 13-14 ಇರಬೇಕು. ಅಂದರೆ ಕೊರತೆಯ ಗೆರೆಗೆ ಒರಗಿಕೊಂಡೇ ಪ್ರತಿ ವರ್ಷ ಬಜೆಟ್ ಮಾಡಿದರೆ, ಇವತ್ತಲ್ಲ ನಾಳೆ ಸಾಲದ ಗೆರೆ ದಾಟಿಯೇ ದಾಟುತ್ತೇವೆ. 2025-26ರ ಕೊರತೆಯ ಅಂದಾಜು ಶೇ 2.95, ಸಾಲ ಶೇ 24.91. ಎರಡೂ ಅಂಚಿಗೆ ಬಂದಿವೆ. ಒಂದು ಬರಗಾಲ ಬಂದರೆ ಸಾಕು. ನನಗೆ ಭಯ ಇರುವುದು ಇಲ್ಲಿ.

ಇನ್ನು ಸಾಲ ಯಾತಕ್ಕೆ ಅನ್ನುವ ಪ್ರಶ್ನೆ. ರೈತ ಬೋರ್‌ವೆಲ್‌ಗೆ ಸಾಲ ಮಾಡುವುದು ಬೇರೆ, ಅಂಗಡಿ ರೇಷನ್‌ಗೆ ಸಾಲ ಮಾಡುವುದು ಬೇರೆ. 2025-26ರ ಬಜೆಟ್ಟಿನಲ್ಲಿ ರಾಜ್ಯದ ವಿತ್ತೀಯ ಕೊರತೆ ₹90,428 ಕೋಟಿ. ಅದರಲ್ಲಿ ₹19,262 ಕೋಟಿ ರಾಜಸ್ವ ಕೊರತೆ. ಸಂಬಳ, ಪೆನ್ಷನ್, ಬಡ್ಡಿ, ಸಬ್ಸಿಡಿಯಂಥ ದಿನನಿತ್ಯದ ಖರ್ಚಿಗೆ ಆದಾಯ ಸಾಲದೆ ತಂದ ಸಾಲ ಅದು. ಮಿಕ್ಕದ್ದು ರಸ್ತೆ, ನೀರಾವರಿ, ಕಟ್ಟಡ ಅಂತ ಬಂಡವಾಳ ವೆಚ್ಚಕ್ಕೆ. ಸಾಲದ ಪ್ರತಿ ರೂಪಾಯಿಯಲ್ಲಿ 21 ಪೈಸೆ ರೇಷನ್ನಿಗೆ, 79 ಪೈಸೆ ಬೋರ್‌ವೆಲ್ಲಿಗೆ ಅಂದುಕೊಳ್ಳಿ. ಆ 21 ಪೈಸೆ ನನಗೆ ನೋವಿನ ವಿಷಯ. ಯಾಕೆಂದರೆ 2004-05ರಿಂದ 2019-20ರವರೆಗೆ ನಮ್ಮ ರಾಜ್ಯ ರಾಜಸ್ವ ಲೆಕ್ಕದಲ್ಲಿ ಉಳಿತಾಯ ತೋರಿಸುತ್ತಾ ಬಂದಿತ್ತು. ಬೇರೆ ರಾಜ್ಯಗಳ ಅಧಿಕಾರಿಗಳು ನಮ್ಮನ್ನು ನೋಡಿ ಕಲಿಯುತ್ತಿದ್ದ ಕಾಲ ಅದು. ಕೋವಿಡ್‌ನಲ್ಲಿ ಅದು ತಪ್ಪಿತು. ಒಮ್ಮೆ ಚೇತರಿಸಿಕೊಂಡು ಮತ್ತೆ ತಪ್ಪಿದೆ.

ಒಳ್ಳೆಯ ಸಾಲಕ್ಕೂ ನಮ್ಮಲ್ಲೇ ಉದಾಹರಣೆ ಇದೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ದುಡ್ಡು ಹೊಂದಿಸಲು 1994ರಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ನಿಗಮ ಬಾಂಡ್ ಹೊರಡಿಸಿ ಸಾಲ ಎತ್ತಿತು, ಸರ್ಕಾರ ಖಾತರಿ ಕೊಟ್ಟಿತು. ವಿಜಯಪುರ, ಯಾದಗಿರಿ, ರಾಯಚೂರು ಕಡೆ ಮಳೆ ನೋಡಿಕೊಂಡು ಕೂತಿದ್ದ ಎಷ್ಟೋ ಹೊಲಗಳಿಗೆ ಕಾಲುವೆ ನೀರು ಬಂತು. ಆ ಸಾಲ ಮಾಡದೆ ಇದ್ದಿದ್ದರೆ ಇವತ್ತು ಸಾಲದ ಅಂಕಿ ಚಿಕ್ಕದಿರುತ್ತಿತ್ತು, ಆ ಹೊಲಗಳೂ ಒಣಗಿಯೇ ಇರುತ್ತಿದ್ದವು. ಒಂದು ತೊಡಕೂ ಇತ್ತು. ನಿಗಮದ ಹೆಸರಿನ ಸಾಲ ಬಜೆಟ್ಟಿನ ಲೆಕ್ಕದ ಹೊರಗೆ ಇರುತ್ತಿತ್ತು, ತೀರಿಸುವುದು ಮಾತ್ರ ಬಜೆಟ್ಟಿನ ದುಡ್ಡಿನಿಂದಲೇ. ಈಗ ಕೇಂದ್ರ ಅಂಥ ಸಾಲವನ್ನೂ ರಾಜ್ಯದ ಸಾಲದ ಮಿತಿಯೊಳಗೆ ಸೇರಿಸುತ್ತದೆ. ಅದು ಸರಿಯಾದ ಕೆಲಸ. ಮುಚ್ಚಿಟ್ಟ ಸಾಲಕ್ಕಿಂತ ತೋರಿಸಿದ ಸಾಲ ಎಷ್ಟೋ ಮೇಲು.

ಇಲ್ಲಿಗೆ ಸಾಲದ ಮಾತು ಮುಗಿಯಿತು. ಕೊರತೆ ಇಳಿಸುವುದು ಇನ್ನೂ ಕಷ್ಟದ ಮಾತು.

ಕೊರತೆ ಇಳಿಸಿ ಅಂತ ಹೇಳುವುದು ಸುಲಭ. ಆದರೆ ಸರ್ಕಾರದ ಪ್ರತಿ ರೂಪಾಯಿ ಖರ್ಚೂ ಯಾರದೋ ಕೈಗೆ ಹೋಗುತ್ತದೆ. ಪ್ರತಿ ರೂಪಾಯಿ ತೆರಿಗೆಯೂ ಯಾರದೋ ಕೈಯಿಂದ ಬರುತ್ತದೆ. ಕೊರತೆ ಇಳಿಸಬೇಕಾದರೆ ಒಂದು ಕೈಗೆ ಕಡಿಮೆ ಕೊಡಬೇಕು, ಇಲ್ಲವೇ ಇನ್ನೊಂದು ಕೈಯಿಂದ ಜಾಸ್ತಿ ತೆಗೆದುಕೊಳ್ಳಬೇಕು. ಯಾವ ಕೈ ಅನ್ನುವುದೇ ಪ್ರಶ್ನೆ.

1991 ನಿಮಗೆ ಚೆನ್ನಾಗಿ ನೆನಪಿರಬೇಕು. ದೇಶದ ಹತ್ತಿರ ಎರಡು ಮೂರು ವಾರದ ಆಮದಿಗೆ ಸಾಕಾಗುವಷ್ಟೇ ವಿದೇಶಿ ವಿನಿಮಯ ಉಳಿದಿತ್ತು. ಜುಲೈನಲ್ಲಿ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಅಡವಿಗೆ ಕಳಿಸಬೇಕಾಯಿತು. ಜುಲೈ 24ರಂದು ಹಣಕಾಸು ಮಂತ್ರಿ ಮನಮೋಹನ್ ಸಿಂಗ್ ಬಜೆಟ್ ಮಂಡಿಸಿ, ಕೊರತೆ ಇಳಿಸಲು ಗೊಬ್ಬರದ ಬೆಲೆಯನ್ನು ಸರಾಸರಿ ಶೇ 40 ಏರಿಸಿದರು. ಸಂಸತ್ತಿನಲ್ಲಿ ಸ್ವಪಕ್ಷದವರೇ ಎದ್ದು ನಿಂತರು. ಎರಡು ವಾರದೊಳಗೆ ಏರಿಕೆ ಶೇ 30ಕ್ಕೆ ಇಳಿಯಿತು, ಸಣ್ಣ ರೈತರಿಗೆ ವಿನಾಯಿತಿ ಸಿಕ್ಕಿತು. ಮರುವರ್ಷ ಆಗಸ್ಟಿನಲ್ಲಿ ಇನ್ನೊಂದು ದಾರಿ ಹಿಡಿದರು. ರಂಜಕ, ಪೊಟ್ಯಾಷ್ ಗೊಬ್ಬರಗಳ ಬೆಲೆಯ ಹಿಡಿತ ಬಿಟ್ಟರು, ಯೂರಿಯಾದ ಬೆಲೆ ಮಾತ್ರ ಇಳಿಸಿದರು. ಯೂರಿಯಾ ಎಲ್ಲರೂ ಬಳಸುವ ಗೊಬ್ಬರ, ಅದನ್ನು ಮುಟ್ಟಿದರೆ ಗಲಾಟೆ ಜಾಸ್ತಿ. ಆಮೇಲೆ ಏನಾಯಿತು? ರೈತರು ದುಬಾರಿಯಾದ ಗೊಬ್ಬರ ಬಿಟ್ಟು ಅಗ್ಗದ್ದನ್ನು ಸುರಿದರು. ಅವರನ್ನು ಹೇಗೆ ದೂರುವುದು? ಇವತ್ತಿಗೂ 45 ಕೆಜಿ ಯೂರಿಯಾ ಚೀಲಕ್ಕೆ ₹266.50, 50 ಕೆಜಿ ಡಿಎಪಿ ಚೀಲಕ್ಕೆ ₹1,350. ಮುಂಗಾರಿನಲ್ಲಿ ಸೊಸೈಟಿ ಮುಂದೆ ಯೂರಿಯಾಕ್ಕೆ ಸಾಲು ನಿಂತಿರುವುದನ್ನು ನೀವೂ ನೋಡಿದ್ದೀರಿ. ಭೂಮಿಯ ಸತ್ವ ಕೆಟ್ಟಿದೆ. ಇಷ್ಟಾದರೂ ಸಬ್ಸಿಡಿಯ ದುಡ್ಡು ಉಳಿತಾಯವಾಯಿತೇ ಅಂದರೆ ಅದೂ ಇಲ್ಲ. 2025-26ರಲ್ಲಿ ಕೇಂದ್ರ ಗೊಬ್ಬರಕ್ಕೆ ಇಟ್ಟಿರುವುದು ₹1.67 ಲಕ್ಷ ಕೋಟಿ.

ನಾನು ಈ ಕಥೆಯನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುತ್ತಿದ್ದೆ. ಅಂದು ಕಡಿತ ಮಾಡಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಎಲ್ಲಿ ಕಡಿತ ಅನ್ನುವುದನ್ನು ಗಲಾಟೆ ನಿರ್ಧರಿಸಿತು. ಗಲಾಟೆ ಮಾಡಲು ಬಾಯಿ ಇಲ್ಲದ ಮಣ್ಣು ಬೆಲೆ ಕೊಟ್ಟಿತು.

ಬಾಯಿ ಇಲ್ಲದವರು ಅಂದಾಗ ನನಗೆ ಖಜಾನೆಯ ದಿನಗಳು ನೆನಪಾಗುತ್ತವೆ. ಕಾಲೇಜಿನಲ್ಲಿ ಪಾಠ ಮಾಡಲು ಸೇರುವ ಮುಂಚೆ, 2000ದ ಆಸುಪಾಸಿನಲ್ಲಿ ಕೆಲವು ವರ್ಷ ಒಂದು ತಾಲ್ಲೂಕು ಖಜಾನೆಯಲ್ಲಿ ಕೆಲಸ ಮಾಡಿದೆ. ಮಾರ್ಚ್ 31 ಅಂದರೆ ನಮಗೆ ಜಾತ್ರೆ. ಕಾರಿಡಾರಿನ ತುಂಬ ಜನ, ಕೈಯಲ್ಲಿ ಬಿಲ್ಲು, ಹಿತ್ತಾಳೆ ಟೋಕನ್. ರಾತ್ರಿ ಹನ್ನೊಂದಾದರೂ ಕೌಂಟರ್ ಮುಚ್ಚುತ್ತಿರಲಿಲ್ಲ. ಒಂದು ವರ್ಷ ಸಂಜೆ ಹೊತ್ತಿಗೆ ಮೇಲಿನಿಂದ ಫೋನ್ ಬಂತು. ಇಂತಿಂಥ ಲೆಕ್ಕ ಶೀರ್ಷಿಕೆಯ ಬಿಲ್ಲುಗಳನ್ನು ತಡೆಯಿರಿ, ಏಪ್ರಿಲ್‌ನಲ್ಲಿ ನೋಡೋಣ ಅಂತ. ಕಾಗದದಲ್ಲಿ ಏನೂ ಇಲ್ಲ. ತಡೆದೆವು.

ಅದರಲ್ಲಿ ಒಂದು ಬಿಲ್ಲು ಹಿಂದುಳಿದ ವರ್ಗಗಳ ಹಾಸ್ಟೆಲ್ಲಿನ ದಿನಸಿಯದ್ದು. ಅಕ್ಕಿ, ತೊಗರಿಬೇಳೆ, ಎಣ್ಣೆ, ಐದು ತಿಂಗಳ ಬಾಕಿ. ವಾರ್ಡನ್ ಜೊತೆ ಅಂಗಡಿಯವರೂ ಬಂದಿದ್ದರು. ಬಿಳಿ ಪಂಚೆ, ಹೆಗಲ ಮೇಲೆ ಟವೆಲ್. ಬೆಳಿಗ್ಗೆಯಿಂದ ಮೆಟ್ಟಿಲ ಮೇಲೆ ಕೂತಿದ್ದರು. ಈ ವರ್ಷ ಆಗುವುದಿಲ್ಲ ಅಂತ ನಾನೇ ಹೇಳಬೇಕಾಯಿತು. ಅವರು ಕೂಗಾಡಲಿಲ್ಲ. ‘ಸಗಟು ಅಂಗಡಿಯವನಿಗೆ ಕೊಡೋಕೆ ನೂರಕ್ಕೆ ಎರಡು ರೂಪಾಯಿ ಬಡ್ಡಿಗೆ ತಂದಿದ್ದೀನಿ ಸ್ವಾಮಿ, ಇನ್ನೂ ಎಷ್ಟು ತಿಂಗಳು ಅಂತ ಹೇಳಿದ್ರೆ ಸಾಕು’ ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಆ ರಾತ್ರಿ ಮನೆಗೆ ಹೋಗುತ್ತಾ ಲೆಕ್ಕ ಹಾಕಿದೆ. ತಿಂಗಳಿಗೆ ನೂರಕ್ಕೆ ಎರಡು ಅಂದರೆ ವರ್ಷಕ್ಕೆ ಶೇ 24. ಸರ್ಕಾರಕ್ಕೆ ಅದರ ಅರ್ಧ ಬಡ್ಡಿಗೇ ಸಾಲ ಸಿಗುತ್ತಿತ್ತು. ಸರ್ಕಾರ ತನ್ನ ಪುಸ್ತಕದಲ್ಲಿ ಕೊರತೆ ಇಳಿಸಿಕೊಂಡಿತು. ಆದರೆ ಸಾಲ ಮಾಯವಾಗಲಿಲ್ಲ. ಅಗ್ಗದ ಬಡ್ಡಿಗೆ ಸಾಲ ಸಿಗುವವರ ತಲೆಯಿಂದ ಇಳಿದು ದುಬಾರಿ ಬಡ್ಡಿಗೆ ಮಾತ್ರ ಸಿಗುವವರ ತಲೆ ಮೇಲೆ ಕೂತಿತು. ಮೇಷ್ಟ್ರೇ, ಅವತ್ತಿನಿಂದ ಕೊರತೆ ಇಳಿಯಿತು ಅಂತ ಪೇಪರಿನಲ್ಲಿ ಓದಿದಾಗಲೆಲ್ಲ ನಾನು ಕೇಳಿಕೊಳ್ಳುವುದು ಒಂದೇ: ಇಳಿದದ್ದು ಎಲ್ಲಿಗೆ ಹೋಯಿತು?

ಇಂಥ ಸದ್ದಿಲ್ಲದ ಕಡಿತಗಳು ಬಹಳ ಇವೆ. ಬಿಲ್ಲು ತಡೆಯುವುದು ಒಂದು. ಖಾಲಿ ಹುದ್ದೆ ತುಂಬದೆ ಇರುವುದು ಇನ್ನೊಂದು. ರಾಜ್ಯ ಸರ್ಕಾರದಲ್ಲಿ ಖಾಲಿ ಇರುವ ಹುದ್ದೆಗಳು ಎರಡೂವರೆ ಲಕ್ಷಕ್ಕೂ ಜಾಸ್ತಿ. ಕಾಯಂ ಶಿಕ್ಷಕರ ಜಾಗದಲ್ಲಿ ಅತಿಥಿ ಶಿಕ್ಷಕರು ಬರುತ್ತಾರೆ. ಸಂಬಳ ಉಳಿಯಿತು, ಪೆನ್ಷನ್ ಹೊಣೆ ತಪ್ಪಿತು. ಮೂರನೆಯದು ರಿಪೇರಿ. ಹೊಸ ರಸ್ತೆಗೆ ಉದ್ಘಾಟನೆ ಇದೆ, ಕಾಲುವೆ ಹೂಳೆತ್ತುವುದಕ್ಕೆ ಇಲ್ಲ. ಒಂದು ವರ್ಷ ಹೂಳು ಎತ್ತದಿದ್ದರೆ ಯಾರೂ ಕೇಳುವುದಿಲ್ಲ. ಐದು ವರ್ಷ ಬಿಟ್ಟರೆ ಕೊನೆ ಭಾಗದ ರೈತನಿಗೆ ನೀರಿಲ್ಲ. ಭದ್ರಾ ಕಾಲುವೆಯ ಕೊನೆ ಭಾಗದವರ ಕಷ್ಟ ನಿಮ್ಮ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ.

ಈಗ ನಿಮ್ಮ ಮನೆಯ ವಾದಕ್ಕೆ ಬರುತ್ತೇನೆ. ಐದು ಗ್ಯಾರಂಟಿಗಳಿಗೆ 2025-26ರಲ್ಲಿ ಇಟ್ಟದ್ದು ₹51,034 ಕೋಟಿ. ರಾಜಸ್ವ ಕೊರತೆ ₹19,262 ಕೋಟಿ. ಲೆಕ್ಕದ ಮಟ್ಟಿಗೆ ನಿಮ್ಮ ಮಗ ಹೇಳುವುದು ಸರಿ. ಗ್ಯಾರಂಟಿಯಲ್ಲಿ ನೂರಕ್ಕೆ 38 ರೂಪಾಯಿ ಕಡಿಮೆ ಮಾಡಿದರೂ ಆ ಕೊರತೆ ಮುಚ್ಚುತ್ತದೆ. ಆದರೆ ನಿಮ್ಮ ಹೆಂಡತಿಯವರು ಹೇಳುವುದೂ ಲೆಕ್ಕವೇ. ಗೃಹಲಕ್ಷ್ಮಿಯ ₹2,000 ತಿಂಗಳಿಗೆ ಒಂದು ಕೋಟಿಗೂ ಹೆಚ್ಚು ಹೆಂಗಸರ ಖಾತೆಗೆ ಹೋಗುತ್ತದೆ. ಅದು ಸಂತೆಯಲ್ಲಿ, ಔಷಧಿ ಅಂಗಡಿಯಲ್ಲಿ, ಮಕ್ಕಳ ಶಾಲೆಯಲ್ಲಿ ಖರ್ಚಾಗುತ್ತದೆ. ಕೂಲಿ ಮಾಡುವ ಮನೆಯಲ್ಲಿ ಆ ಎರಡು ಸಾವಿರ ನಿಂತರೆ ಹೆಂಗಸು ಸಂಘದ ಸಾಲಕ್ಕೋ ಕೈಸಾಲಕ್ಕೋ ಹೋಗಬೇಕು. ಅಂಗಡಿಯವರ ಕಥೆಯೇ ಮತ್ತೆ.

ಆದ್ದರಿಂದ ನನ್ನ ಅಭಿಪ್ರಾಯ ಹೀಗಿದೆ. ಪೂರ್ತಿ ನಿಲ್ಲಿಸುವುದು ತಪ್ಪು. ಎಲ್ಲರಿಗೂ ಹೀಗೇ ಕೊಡುತ್ತಾ ಹೋಗುವುದೂ ತಪ್ಪು. 200 ಯೂನಿಟ್‌ವರೆಗಿನ ಗೃಹಜ್ಯೋತಿ ಬೆಂಗಳೂರಿನಲ್ಲಿ ಇಬ್ಬರು ದುಡಿಯುವ ಫ್ಲ್ಯಾಟಿಗೂ ಸಿಗುತ್ತದೆ. ಅದು ಬೇಕಿಲ್ಲ. ಗ್ಯಾರಂಟಿಗಿಂತ ಹಳೆಯ ವಿಷಯ ಒಂದಿದೆ, ಅದರ ಬಗ್ಗೆ ಯಾವ ಪಕ್ಷವೂ ಬಾಯಿ ಬಿಡುವುದಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಉಚಿತ ವಿದ್ಯುತ್. ವರ್ಷಕ್ಕೆ ₹16 ಸಾವಿರ ಕೋಟಿಯ ಆಸುಪಾಸು. ಎರಡು ಎಕರೆಯವರಿಗೂ ಅದೇ, ಇಪ್ಪತ್ತು ಎಕರೆ ಅಡಿಕೆ ತೋಟದವರಿಗೂ ಅದೇ. ಮಳೆ ನಂಬಿಕೊಂಡ ರಾಗಿ ರೈತನಿಗೆ ಪಂಪ್‌ಸೆಟ್ಟೇ ಇಲ್ಲ, ಅವನಿಗೆ ಒಂದು ಪೈಸೆಯೂ ಇಲ್ಲ. ಮೀಟರ್ ಹಾಕಿ, ಸಣ್ಣ ರೈತರಿಗೆ ಇಷ್ಟು ಯೂನಿಟ್ ಉಚಿತ ಅಂತ ಗೊತ್ತು ಮಾಡಿ, ಮೇಲಿನದ್ದಕ್ಕೆ ಕಡಿಮೆ ದರ ಹಾಕಿದರೆ ದುಡ್ಡೂ ಉಳಿಯುತ್ತದೆ, ಅಂತರ್ಜಲವೂ ಉಳಿಯುತ್ತದೆ. ಇದು ಮತದ ದೃಷ್ಟಿಯಿಂದ ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೂ ಹೇಳಲೇಬೇಕು.

ಖರ್ಚು ಮುಟ್ಟದೆ ತೆರಿಗೆ ಹೆಚ್ಚಿಸಬಹುದಲ್ವಾ ಅಂತ ಕೇಳಬಹುದು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ರಾಜ್ಯದ ಕೈಯಲ್ಲಿ ಉಳಿದ ಮುಖ್ಯ ತೆರಿಗೆಗಳು ಪೆಟ್ರೋಲ್-ಡೀಸೆಲ್, ಮದ್ಯ, ನೋಂದಣಿ, ವಾಹನ. ಜಿಎಸ್‌ಟಿ ನಷ್ಟಕ್ಕೆ ಕೇಂದ್ರ ಕೊಡುತ್ತಿದ್ದ ಪರಿಹಾರ 2022ರ ಜೂನ್‌ಗೆ ಮುಗಿಯಿತು. ಕೇಂದ್ರ ತೆರಿಗೆಯಿಂದ ರಾಜ್ಯಗಳಿಗೆ ಹಂಚುವ ಮೊತ್ತದಲ್ಲಿ ನಮ್ಮ ಪಾಲು 14ನೇ ಹಣಕಾಸು ಆಯೋಗದಲ್ಲಿ ಶೇ 4.713 ಇದ್ದದ್ದು 15ನೆಯದರಲ್ಲಿ ಶೇ 3.647ಕ್ಕೆ ಇಳಿಯಿತು. ಇದು ನಿಜವಾದ ಏಟು. ಹಾಗಾಗಿ ದುಡ್ಡು ಬೇಕಾದಾಗ ರಾಜ್ಯ ಅವೇ ನಾಲ್ಕು ಕಡೆ ಕೈ ಹಾಕುತ್ತದೆ. 2024ರ ಜೂನ್‌ನಲ್ಲಿ ಇಂಧನದ ಮಾರಾಟ ತೆರಿಗೆ ಏರಿತು, 2025ರ ಏಪ್ರಿಲ್‌ನಲ್ಲಿ ಡೀಸೆಲ್‌ಗೆ ಮತ್ತೆ ಏರಿತು. ಟ್ರಾಕ್ಟರಿಗೂ ಟೊಮೆಟೊ ಲಾರಿಗೂ ಬೀಳುವುದು ಅದೇ ಡೀಸೆಲ್.

ಮದ್ಯದ ಲೆಕ್ಕ ನೋಡಿದಾಗ ನನಗೆ ನಿದ್ದೆ ಬರುವುದಿಲ್ಲ. 2025-26ರ ಅಬಕಾರಿ ಗುರಿ ₹40,000 ಕೋಟಿ. ಗೃಹಲಕ್ಷ್ಮಿಗೆ ಇಟ್ಟದ್ದು ₹28,608 ಕೋಟಿ. ಎಷ್ಟೋ ಮನೆಗಳಲ್ಲಿ ಹೆಂಡತಿಯ ಖಾತೆಗೆ ಹಾಕಿದ್ದಕ್ಕಿಂತ ಜಾಸ್ತಿ ಗಂಡನ ಕೈಯಿಂದ ವಾಪಸ್ ಬರುತ್ತಿದೆ. ಕುಡಿತ ಕಡಿಮೆಯಾದರೆ ಕೊರತೆ ಹೆಚ್ಚಾಗುತ್ತದೆ ಅನ್ನುವ ಸ್ಥಿತಿಗೆ ಒಂದು ಸರ್ಕಾರ ಬರಬಾರದು. ಒಂದೇ ವರ್ಷದಲ್ಲಿ ಇದನ್ನು ಬಿಡಲು ಆಗುವುದಿಲ್ಲ ಅನ್ನುವುದೂ ನಿಜ. ಅಷ್ಟು ದುಡ್ಡು ಬೇರೆ ಎಲ್ಲಿಂದ ತರುವುದು?

ವೇಗದ ಪ್ರಶ್ನೆಯೂ ಇದೆ. ಕೊರತೆಯನ್ನು ಒಂದೇ ಏಟಿಗೆ ಇಳಿಸಲು ಹೋದರೆ ಏನಾಗುತ್ತದೆ ಅಂತ ಗ್ರೀಸ್ ತೋರಿಸಿತು. 2010ರಿಂದ ಸಾಲ ಕೊಟ್ಟವರ ಒತ್ತಾಯಕ್ಕೆ ಸಂಬಳ, ಪೆನ್ಷನ್, ಆಸ್ಪತ್ರೆ ಎಲ್ಲ ಕಡಿದರು. ಜನರ ಕೈಯಲ್ಲಿ ದುಡ್ಡಿಲ್ಲದೆ ವ್ಯಾಪಾರ ಬಿತ್ತು. ಕೆಲವೇ ವರ್ಷದಲ್ಲಿ ದೇಶದ ಉತ್ಪನ್ನ ಸುಮಾರು ಕಾಲು ಭಾಗ ಕುಸಿಯಿತು. ಅಷ್ಟೆಲ್ಲ ಕಡಿದರೂ ಉತ್ಪನ್ನದ ಎದುರು ಸಾಲದ ಪ್ರಮಾಣ ಇಳಿಯಲಿಲ್ಲ, ಏರಿತು. ಹಾಸಿಗೆಯನ್ನೇ ಕತ್ತರಿಸಿದ ಹಾಗಾಯಿತು. ನಿಧಾನ ಮಾಡುತ್ತಾ ಕೂತರೂ ಅಪಾಯ. ಶ್ರೀಲಂಕಾ 2019ರ ಕೊನೆಯಲ್ಲಿ ವ್ಯಾಟ್ ಅನ್ನು ಶೇ 15ರಿಂದ 8ಕ್ಕೆ ಇಳಿಸಿತು. ಆದಾಯ ಕುಸಿಯಿತು, ಕೋವಿಡ್‌ನಲ್ಲಿ ಪ್ರವಾಸಿಗರೂ ಬರಲಿಲ್ಲ. 2022ರ ಏಪ್ರಿಲ್‌ನಲ್ಲಿ ವಿದೇಶಿ ಸಾಲ ತೀರಿಸಲಾಗದೆ ಕೈಚೆಲ್ಲಿತು. ಪೆಟ್ರೋಲಿಗೆ ದಿನಗಟ್ಟಲೆ ಸಾಲು, ಆಸ್ಪತ್ರೆಯಲ್ಲಿ ಔಷಧಿ ಇಲ್ಲ. ನಮ್ಮ ಕೇಂದ್ರ ಸರ್ಕಾರ ಕೋವಿಡ್ ವರ್ಷದಲ್ಲಿ ಶೇ 9.2ಕ್ಕೆ ಏರಿದ ಕೊರತೆಯನ್ನು ವರ್ಷ ವರ್ಷ ಸ್ವಲ್ಪ ಸ್ವಲ್ಪ ಇಳಿಸಿ 2025-26ಕ್ಕೆ ಶೇ 4.4ರ ಗುರಿ ಇಟ್ಟಿತು, ಬಂಡವಾಳ ವೆಚ್ಚ ಕಡಿಯದೆ. ಆ ನಡಿಗೆ ಸರಿ ಅಂತ ನನಗೆ ಅನ್ನಿಸುತ್ತದೆ.

ನೋಟಿನ ಪ್ರಶ್ನೆಗೆ ಚಿಕ್ಕ ಉತ್ತರ. ರಾಜ್ಯಕ್ಕೆ ಆ ಅಧಿಕಾರವೇ ಇಲ್ಲ. ಕೇಂದ್ರದ ಸಾಲ ಬಾಕಿ ಇರುವವರೆಗೆ ಕೇಂದ್ರದ ಒಪ್ಪಿಗೆ ಇಲ್ಲದೆ ರಾಜ್ಯ ಸಾಲವನ್ನೂ ಎತ್ತುವಂತಿಲ್ಲ, ಸಂವಿಧಾನದ 293ನೇ ವಿಧಿ ಹಾಗೆ ಹೇಳುತ್ತದೆ. ಕೇಂದ್ರ ಮಾತ್ರ 1955ರಿಂದ ಸುಮಾರು ನಲವತ್ತು ವರ್ಷ ತಾತ್ಕಾಲಿಕ ಹುಂಡಿ ಬರೆದುಕೊಟ್ಟು ರಿಸರ್ವ್ ಬ್ಯಾಂಕಿನಿಂದ ಬೇಕಾದಾಗ ದುಡ್ಡು ಪಡೆಯುತ್ತಿತ್ತು. ಅದು ಹೆಚ್ಚು ಕಡಿಮೆ ನೀವು ಹೇಳುವ ನೋಟು ಪ್ರಿಂಟ್ ಮಾಡುವುದೇ. 1997ರಲ್ಲಿ ಅದನ್ನು ನಿಲ್ಲಿಸಿದರು. ಮಾಲು ಅಷ್ಟೇ ಇದ್ದು ನೋಟು ಜಾಸ್ತಿಯಾದರೆ ಬೆಲೆ ಏರುತ್ತದೆ. ಬೆಲೆ ಏರಿಕೆ ಅಂದರೆ ಚೀಟಿ ಕೊಡದೆ ವಸೂಲಿ ಮಾಡುವ ತೆರಿಗೆ. ಅದು ಜಮೀನು, ಚಿನ್ನ ಇಟ್ಟುಕೊಂಡವರಿಗೆ ತಗಲುವುದಿಲ್ಲ. ದಿನಗೂಲಿಯವರಿಗೂ ನಿಮ್ಮಂಥ ಪೆನ್ಷನ್‌ದಾರರಿಗೂ ತಗಲುತ್ತದೆ.

ಪೆನ್ಷನ್ ನಿಲ್ಲುತ್ತದೆಯೇ? ಇಲ್ಲ, ಆ ಭಯ ಬಿಡಿ. ಸಂಬಳ, ಪೆನ್ಷನ್, ಬಡ್ಡಿ ಇವನ್ನು ಸರ್ಕಾರ ಕೊನೆಯವರೆಗೂ ತಪ್ಪಿಸುವುದಿಲ್ಲ. ಕಷ್ಟ ಬಂದರೆ ತುಟ್ಟಿಭತ್ಯೆ ತಡವಾಗಬಹುದು. 2020ರಲ್ಲಿ ಕೋವಿಡ್ ಹೆಸರಿನಲ್ಲಿ ತಡೆಹಿಡಿದದ್ದು ನಿಮಗೂ ತಗಲಿರುತ್ತದೆ. 2006ರ ಏಪ್ರಿಲ್ ನಂತರ ಸೇರಿದವರಿಗೆ ನಿಮ್ಮ ಹಾಗೆ ಖಚಿತ ಪೆನ್ಷನ್ ಇಲ್ಲ, ಎನ್‌ಪಿಎಸ್ ಇದೆ, ಅಂದರೆ ಕಟ್ಟಿದ ದುಡ್ಡು ಮಾರುಕಟ್ಟೆಯಲ್ಲಿ ಎಷ್ಟು ಬೆಳೆಯುತ್ತದೋ ಅದರ ಮೇಲೆ ನಿಂತ ಪೆನ್ಷನ್. ಇಪ್ಪತ್ತು ಮೂವತ್ತು ವರ್ಷದ ಮೇಲೆ ರಾಜ್ಯದ ಹೊರೆ ಇಳಿಯಲಿ ಅಂತ ಮಾಡಿದ ಏರ್ಪಾಡು ಅದು. ಇಳಿದ ಹೊರೆ ಆ ನೌಕರರ ಮುಪ್ಪಿನ ಮೇಲೆ ಕೂತಿದೆ. ಅವರು ಹಳೆ ಪೆನ್ಷನ್ ಕೇಳುವುದು ನನಗೆ ಅರ್ಥವಾಗುತ್ತದೆ. ಕೊಡಲು ಹೊರಟರೆ ಭಾರ ಯಾರ ಮೇಲೆ ಬೀಳುತ್ತದೆ ಅನ್ನುವುದೂ ಅರ್ಥವಾಗುತ್ತದೆ. ನಿಮ್ಮ ಮೊಮ್ಮಗಳ ಕಾಲದ ತೆರಿಗೆದಾರರ ಮೇಲೆ. ಈ ಒಂದು ವಿಷಯದಲ್ಲಿ ಇಪ್ಪತ್ತು ವರ್ಷ ಪಾಠ ಮಾಡಿದ ಮೇಲೂ ನನ್ನ ಮನಸ್ಸು ಒಂದು ಕಡೆ ನಿಲ್ಲುತ್ತಿಲ್ಲ.

ಕೊನೆಗೆ ನಿಮ್ಮ ಸೊಸೆ. ಹೌದು ಮೇಷ್ಟ್ರೇ, ಸಂಬಂಧ ಇದೆ. ಮೂರು ತಿಂಗಳು ಪಾಠ ಮಾಡಿಯೂ ಗೌರವಧನ ಬಂದಿಲ್ಲ ಅಂದರೆ, ಸರ್ಕಾರ ಆಕೆಯಿಂದ ಅಷ್ಟು ದುಡ್ಡನ್ನು ಬಡ್ಡಿಯಿಲ್ಲದ ಸಾಲವಾಗಿ ತೆಗೆದುಕೊಂಡಿದೆ. ಆ 7.64 ಲಕ್ಷ ಕೋಟಿಯಲ್ಲಿ ಈ ಸಾಲ ಸೇರಿಲ್ಲ. ಯಾವ ಮಂಗಳವಾರದ ಹರಾಜಿನಲ್ಲೂ ಇದರ ಲೆಕ್ಕ ಬರುವುದಿಲ್ಲ. ಆಕೆ ಸುಮ್ನೆ ಕಾಯುತ್ತಾ ಕೂರುವುದು ಬೇಡ. ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಹೋಗಿ ಎರಡೇ ಪ್ರಶ್ನೆ ಕೇಳಲಿ: ನಮ್ಮ ಶಾಲೆಯ ಬಿಲ್ಲು ಖಜಾನೆಗೆ ಹೋಗಿದೆಯೇ, ಅನುದಾನ ಬಿಡುಗಡೆಯಾಗಿದೆಯೇ? ಬಿಲ್ಲೇ ಹೋಗಿಲ್ಲ ಅಂದರೆ ತಡ ಆಗಿರುವುದು ಕಚೇರಿಯಲ್ಲಿ. ಅನುದಾನ ಬಂದಿಲ್ಲ ಅಂದರೆ ತಡ ಮೇಲೆ ಆಗಿದೆ, ಆಗ ತಾಲ್ಲೂಕಿನ ಅತಿಥಿ ಶಿಕ್ಷಕರೆಲ್ಲ ಸೇರಿ ಬರವಣಿಗೆಯಲ್ಲಿ ಕೇಳಬೇಕು. ಎರಡೂ ಆಗಿದ್ದು ದುಡ್ಡು ಬಂದಿಲ್ಲ ಅಂದರೆ ಖಜಾನೆಗೆ ಹೋಗಿ ಬಿಲ್ಲಿನ ನಂಬರ್ ಕೊಟ್ಟು ವಿಚಾರಿಸಲಿ. ನನ್ನ ಕಾಲದ ಹಾಗೆ ಮೆಟ್ಟಿಲ ಮೇಲೆ ಕೂರುವ ಅಗತ್ಯ ಈಗ ಇಲ್ಲ, ಬಿಲ್ಲು ಯಾವ ಮೇಜಿನ ಮೇಲೆ ನಿಂತಿದೆ ಅಂತ ಕಂಪ್ಯೂಟರಿನಲ್ಲೇ ಗೊತ್ತಾಗುತ್ತದೆ. ಉತ್ತರ ಏನು ಬಂತು ಅಂತ ನನಗೂ ಒಂದು ಪತ್ರ ಬರೆಯಿರಿ.